ಎರಡೂವರೆ ಪಟ್ಟು

ಕಾಲೇಜಿನ ಕ್ಯಾಂಟೀನಿನಲ್ಲಿ, ಸಾಂಬಾರಿನ ಕಲೆಯ ಮೇಜಿನ ಮೇಲೆ,
ಡೆನ್ಜಿಲ್ ಮಖಮಲ್ಲು ಹಾಸಿದ.
ಒಡವೆ ತೋರಿಸುವವನ ಹಾಗೆ ಒಂದೊಂದೇ ಜೋಡಿ ಇಟ್ಟ:
ಎರಡೂವರೆ ಪಟ್ಟು. ಮೂರೂವರೆ. ಐದು.

ಸ್ಕೇಲು ಹಿಡಿದು ನನ್ನೆರಡು ಪಾಪೆಗಳ ನಡುವಿನ ದಾರಿ ಅಳೆದ.
ಅರವತ್ತೊಂದು ಮಿಲ್ಲಿಮೀಟರ್, ಎಂದ,
ರವಿಕೆಯ ಅಳತೆ ಬರೆದುಕೊಳ್ಳುವ ದರ್ಜಿಯ ದನಿಯಲ್ಲಿ.
ಇಪ್ಪತ್ತೆರಡು ವರ್ಷ ಈ ಮುಖ ಹೊತ್ತು ತಿರುಗಿದ್ದೇನೆ,
ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಕಣ್ಣಿನಿಂದ ಕೈಗೆ: ನಲವತ್ತು ಸೆಂಟಿಮೀಟರ್.
"ಬಗ್ಗಿದ್ರೆ ಮಂಜು ಮಂಜು ಡಾಕ್ಟರೇ,
ನೆಟ್ಟಗಿದ್ರೆ ಮಾತ್ರ ಕಾಣುತ್ತೆ."
ಇನ್ನೂ ಡಾಕ್ಟರಾಗಿಲ್ಲ ಎನ್ನಬೇಕೆನಿಸಿತು. ಬೆಲೆ ಕೇಳಿದೆ.
ಎಂಬತ್ತೆರಡು ಸಾವಿರ. ಹಣೆಯ ದೀಪಕ್ಕೆ ಬೇರೆ ಇಪ್ಪತ್ತೆಂಟು,
ಸೊಂಟಕ್ಕೆ ಸಿಕ್ಕಿಸುವ ಬ್ಯಾಟರಿ ಸೇರಿ.

ಕಮಲಾಕ್ಷಿ ಮೇಡಂಗೆ ಹೇಳಿದೆ.
ಮೂವತ್ತು ವರ್ಷ ಬರಿಗಣ್ಣಲ್ಲಿ, ಬೆರಳುಗುರಿನಷ್ಟು ಕನ್ನಡಿ ಹಿಡಿದು
ಕನ್ನಡಿಯೊಳಗಿನ ಗಂಟನ್ನೂ ಬಿಚ್ಚಿದವರು ಅವರು.
ಈಗ ಕತ್ತಿಗೆ ಪಟ್ಟಿ; ಮೆಟ್ಟಿಲು ಇಳಿಯುವಾಗ
ತಮ್ಮ ಕಾಲು ತಮಗೆ ಕಾಣದು.
"ತಗೋ. ಸಾಲ ಮಾಡಿಯಾದ್ರೂ ತಗೋ.
ಕತ್ತು ಇಎಂಐನಲ್ಲಿ ಸಿಗಲ್ಲ."

ಅಮ್ಮ ಯಶವಂತಪುರದ ಡಿಪೋದಿಂದ ಫೋನ್ ಮಾಡಿದಳು,
ಮಾರ್ಕೆಟ್ಟಿಗೆ ಕೊನೇ ಟ್ರಿಪ್ಪಿಗೆ ಮುಂಚೆ,
ಹಿಂದೆ ಯಾರೋ ಚಿಲ್ಲರೆ ಎಣಿಸುವ ಸದ್ದು.
ಚೀಟಿ ಎತ್ತಿದ್ದಾಯ್ತು, ಚಿಂತೆ ಬಿಡು.
ಆದ್ರೆ ಅಷ್ಟು ಹತ್ತಿರ ನೋಡ್ತಾ ಕೂತ್ರೆ
ಸ್ಟಾಪ್ ಬಂದಿದ್ದು ಗೊತ್ತಾಗುತ್ತಾ ನಿಂಗೆ?
ನಕ್ಕು ಫೋನಿಟ್ಟೆ.

ಡೆನ್ಜಿಲ್ ಮೂರು ದಿನಕ್ಕೆ ಮೂರೂವರೆ ಪಟ್ಟಿನದನ್ನೇ ಕೊಟ್ಟು ಹೋದ.
ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅಂತಾರಲ್ಲ,
ನಮ್ಮ ಓಪಿಡಿಯ ಸಾಲಿನಲ್ಲಿ ಎರಡೂ ಇಲ್ಲದವರೇ ಹೆಚ್ಚು.
ಆ ಸಾಲಿನಿಂದ ಎದ್ದು ಬಂದವಳು ಗಂಗಹನುಮಕ್ಕ,
ಕಲಾಸಿಪಾಳ್ಯದಲ್ಲಿ ಸೊಪ್ಪು ಮಾರುವವಳು,
ಕೆಳಗಿನ ಎಡದವಡೆ ನೋವು.
ನೋವಾದ್ರೆ ಎಡಗೈ ಎತ್ತಿ, ಅಂದೆ, ಎಲ್ಲರಿಗೂ ಅನ್ನುವ ಹಾಗೆ.
ದೀಪ ಒತ್ತಿದೆ.

ನಡು ಮಧ್ಯಾಹ್ನ ಬಾವಿಗೆ ಇಳಿದಂತಾಯಿತು.
ನೆರಳೇ ಇಲ್ಲ. ಜೊಲ್ಲಿನ ಒಂದು ಗುಳ್ಳೆ ಗುಮ್ಮಟ.
ಸಂದಿಯಲ್ಲಿ ಸಿಕ್ಕ ಸಬ್ಬಸಿಗೆಯ ಎಳೆ
ಕಬ್ಬನ್ ಪಾರ್ಕಿನ ಬಿದಿರು ಮೆಳೆ.
ಮತ್ತೆ ಅದರ ಪಕ್ಕ, ಹೋದ ವಾರ ನಾನೇ ತುಂಬಿ,
ಬೆರಳಾಡಿಸಿ, ನುಣುಪು ಎಂದು ಸಹಿ ಹಾಕಿಸಿಕೊಂಡ ಅಂಚು:
ಪಾಲಿಕೆಯವರು ಅಗೆದು ಮುಚ್ಚಿದ ರಸ್ತೆ.

ಅದನ್ನೇ ನೋಡುತ್ತ ಕೂತೆ. ತಿದ್ದುತ್ತ ಕೂತೆ.
ನಾಚಿಕೆಯೂ ಮೂರೂವರೆ ಪಟ್ಟಾಗಿ, ಬರ್ ಹಿಡಿದು ಅಂಚಿನ ಸುತ್ತ,
ಜಗತ್ತೆಂದರೆ ಒಂದೇ ಹಲ್ಲು, ಬೇರೇನಿಲ್ಲ,
ಯಾರೂ ಇಲ್ಲ.

ಫಿರ್ದೋಸ್ ನನ್ನ ಮೊಣಕೈ ಮುಟ್ಟಿದಳು.
ಕನ್ನಡಕ ಮೇಲೆತ್ತಿದೆ.
ಗಾಳಿಯಲ್ಲಿ ಒಂದು ಎಡಗೈ ನಿಂತಿತ್ತು.

ಎಷ್ಟು ಹೊತ್ತಿಂದ? ಎಂದೆ.
"ಬಿಡವ್ವ. ಅಷ್ಟು ಚೆಂದಾಗಿ ನೋಡ್ತಿದ್ದೆಯಲ್ಲ,
ಯಾಕ್ ಎಬ್ಬಿಸೋದು ಅಂತ ಸುಮ್ಕಿದ್ದೆ."

ಎರಡೂವರೆ ಸಾಕು ಎಂದು ಬರೆದುಕೊಟ್ಟೆ.
ದೀಪ, ಸಣ್ಣದು, ಕಿತ್ತಳೆ ಮುಚ್ಚಳದ್ದು.
ಒಂದು ವರ್ಷಕ್ಕೆ ಎಲ್ಲರೂ ವಾಪಸ್ ಬಂದು ಮೂರೂವರೆ ಕೇಳ್ತಾರೆ,
ಅಂದ ಡೆನ್ಜಿಲ್. ಇರಬಹುದು.
ಕೇಳುತ್ತೇನೋ ಏನೋ ನಾನೂ.

ಬರಲು ಆರು ವಾರ. ಮಂಗಳವಾರ ಅವಳೇ ಬಂದಳು,
ಮತ್ತೆ ಕಿತ್ತು ತುಂಬಿದೆ, ಕುರ್ಚಿಯ ಹಳದಿ ದೀಪದಲ್ಲಿ,
ಕತ್ತು ನೋಯಿಸಿಕೊಂಡು.
ಅವತ್ತು ಒಳಗೆ ಏನ್ ಕಂಡ್ತವ್ವ, ಅಂದಳು.
ಸಬ್ಬಸಿಗೆ, ಅಂದೆ.
ನಕ್ಕಳು. ಪೂರ್ತಿ ಬಾಯಿ ತೆರೆದು.
ಎಡಗೈ ಕುರ್ಚಿಯ ತೋಳಿನ ಮೇಲೇ ಇತ್ತು,
ಉಗುರು ಸಂದಿಯಲ್ಲಿ ಅವತ್ತಿನ ಸೊಪ್ಪಿನ ಹಸಿರು.